ಜುಗೂಳದಾಗ ಏನ ಓದಾಕತ್ತಾರ?

ನವೆಂಬರ್ ಸಂಚಿಕೆಗೆ ನಮ್ಮ ಸಂಘದಲ್ಲಿ ಒಂದು ಲೇಖನ ಖಾಯಂ ಇರುತ್ತದೆ. ‘ಈಗ ಏನು ಓದ್ತಿದ್ದೀರಿ, ಯಾಕೆ ಹಿಡಿಸಿತು?’ ಅಂತ ಹಾಸ್ಟೆಲ್ಲಿನ ರೂಮು ರೂಮಿಗೆ ಹೋಗಿ ಕೇಳುವುದು, ಬಂದ ಉತ್ತರ ಬರೆದು ಹಾಕುವುದು. ಪ್ರಶ್ನೆಯಂತೆ ಉತ್ತರಗಳೂ ಖಾಯಂ. ತೇಜಸ್ವಿಯವರ ‘ಕರ್ವಾಲೊ’, ಭೈರಪ್ಪನವರ ‘ಪರ್ವ’, ವಸುಧೇಂದ್ರರ ‘ತೇಜೋ ತುಂಗಭದ್ರಾ’, ವಿವೇಕ ಶಾನಭಾಗರ ‘ಘಾಚರ್ ಘೋಚರ್’. ಎಲ್ಲವೂ ಒಳ್ಳೆಯ ಪುಸ್ತಕಗಳೇ, ತಕರಾರಿಲ್ಲ. ಆದರೆ ‘ಕರ್ವಾಲೊ’ದ ಹಾರುವ ಓತಿ ಕೊನೆಗೆ ಏನಾಯ್ತು ಅಂತ ಮರುಪ್ರಶ್ನೆ ಹಾಕಿದರೆ ಅರ್ಧ ಜನ ಮೇಲೆ ಫ್ಯಾನ್ ನೋಡುತ್ತಾರೆ. ಓದಿದ ಪುಸ್ತಕಗಳ ಪಟ್ಟಿಗಿಂತ ಅದು ಓದಿದ್ದೇವೆ ಅಂತ ಹೇಳಿಕೊಳ್ಳಬೇಕಾದ ಪುಸ್ತಕಗಳ ಪಟ್ಟಿ. ನಾವೂ ಇದರಲ್ಲಿ ಪಾಲುದಾರರೇ. ಹೋದ ವರ್ಷ ನಮ್ಮ ಹೆಸರಿನ ಮುಂದೆ ಅಚ್ಚಾದ ಪುಸ್ತಕ ಇವತ್ತಿಗೂ ನಲವತ್ತನೇ ಪುಟದಲ್ಲೇ ಮಡಚಿಕೊಂಡು ಕೂತಿದೆ.

ಈ ಸಲ ಸಭೆಯಲ್ಲಿ ಈ ಮಾತು ಬಂದಾಗ, ಯಾವಾಗಲೂ ಹಿಂದಿನ ಸಾಲಿನಲ್ಲಿ ಸುಮ್ಮನೆ ಕೂರುವ ಸಿವಿಲ್ ವಿಭಾಗದ ಗೆಳೆಯನೊಬ್ಬ ಒಂದೇ ಮಾತು ಹೇಳಿದ: “ನಮ್ಮೂರಿಗೆ ಬಂದು ಕೇಳ್ರಿ. ಅಲ್ಲೆ ಸುಳ್ಳ ಹೇಳಾಕ ಯಾರಿಗೂ ಕಾರಣಾ ಇಲ್ಲ.”

ಅವನೂರು ಜುಗೂಳ. ಬೆಳಗಾವಿ ಜಿಲ್ಲೆ, ಮೊದಲು ಅಥಣಿ ತಾಲೂಕು, ಈಗ ಕಾಗವಾಡ ತಾಲೂಕು. ಕೃಷ್ಣಾ ನದಿಯ ದಂಡೆಯ ಮೇಲೆ ಊರು. ಎದುರು ದಂಡೆಯಲ್ಲಿ ಕಾಣುವುದು ಮಹಾರಾಷ್ಟ್ರದ ಖಿದ್ರಾಪುರ.

ಅವನು ಯಾಕೆ ಸುಮ್ಮನೆ ಕೂರುತ್ತಾನೆ ಅನ್ನುವುದನ್ನೂ ಇಲ್ಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಈ ಲೇಖನ ಅರ್ಧ ಸುಳ್ಳಾಗುತ್ತದೆ. ಮೊದಲ ವರ್ಷ ಒಂದು ಸೆಮಿನಾರಿನಲ್ಲಿ ಅವನು ಕನ್ನಡದಲ್ಲಿ ಮಾತು ಶುರು ಮಾಡಿದ. “ನಾವು ಈ ಮಾಡೆಲ್ ಮಾಡಾಕತ್ತೇವ್ರಿ” ಅಂದ. ಕ್ಲಾಸು ನಕ್ಕಿತು. ಯಾರೋ “ನೀನು ಮರಾಠಿಯವನಾ?” ಅಂದರು. ಅವನು ಅಲ್ಲಿಗೇ ಇಂಗ್ಲಿಷಿಗೆ ಹೊರಳಿದವನು ಮತ್ತೆ ಕನ್ನಡಕ್ಕೆ ಬರಲಿಲ್ಲ, ರೂಮಿನಲ್ಲಿ ಬಿಟ್ಟು. ನಕ್ಕವರಲ್ಲಿ ನಾವೂ ಇದ್ದೆವು. ಕನ್ನಡ ಸಂಘದವರು!

ಅಂತೂ ದಸರಾ ಸೂಟಿಗೆ ನಾವು ಮೂರು ಜನ ಅವನ ಜೊತೆ ಹೊರಟೆವು. ಕುಡಚಿ ಸ್ಟೇಷನ್ನಿನಲ್ಲಿ ಇಳಿದು, ಕಬ್ಬಿನ ಗದ್ದೆಗಳ ನಡುವೆ ಬಸ್ಸು, ಆಮೇಲೆ ಅವರ ಕಾಕಾನ ಬೈಕು. ಇದನ್ನು ಸರ್ವೆ ಅಂತ ಕರೆಯಬೇಡಿ. ನಾವು ತಲೆ ಎಣಿಸಲಿಲ್ಲ, ಪೈ ಚಾರ್ಟ್ ಮಾಡಲಿಲ್ಲ. ಅವರ ಮನೆಯಲ್ಲಿ, ಕಟ್ಟೆಯ ಮೇಲೆ, ಹೊಲದಲ್ಲಿ ಸಿಕ್ಕವರನ್ನು ಕೇಳಿದೆವು: ಈಗ ಏನ ಓದಾಕತ್ತೀರಿ? ಯಾಕ?

ಮೊದಲ ಉತ್ತರವೇ ನಮ್ಮನ್ನು ಗಲಿಬಿಲಿ ಮಾಡಿತು. ಕಾಕಾ ಜೇಬಿನಿಂದ ಮೊಬೈಲ್ ತೆಗೆದು, ಮಳೆಗಾಲದ ವಾಟ್ಸಾಪ್ ಸಂದೇಶಗಳನ್ನು ಮೇಲೆ ಎಳೆದು ತೋರಿಸಿದರು. ಬರೀ ಅಂಕಿಗಳು. ಕೊಯ್ನಾದಿಂದ ಎಷ್ಟು ಬಿಟ್ಟರು, ರಾಜಾಪುರ ಬ್ಯಾರೇಜಿನಿಂದ ಎಷ್ಟು, ದೂಧಗಂಗಾದಿಂದ ಎಷ್ಟು, ಕಲ್ಲೋಳ ಹತ್ತಿರ ಕೂಡಿ ಎಷ್ಟು. ಜೂನ್‌ನಿಂದ ಸೆಪ್ಟೆಂಬರ್ ತನಕ ಊರು ಮೊದಲು ಓದುವುದು ಇದನ್ನೇ. “ಇದ ನಮ್ಮ ಪುರಾಣ” ಅಂತ ನಕ್ಕರು.

ನಾವು ಹೈಡ್ರಾಲಿಕ್ಸ್ ಪಾಸಾದವರು. ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ, ಅಂದರೆ ಸುಮಾರು 28.3 ಲೀಟರ್, ಅಷ್ಟು ಗೊತ್ತು. ಒಂದು ಲಕ್ಷ ಕ್ಯೂಸೆಕ್ ನೀರು ಇಡೀ ದಿನ ಹರಿದರೆ 8.64 ಟಿಎಂಸಿ. ಕೊಯ್ನಾ ಜಲಾಶಯದ ಸಾಮರ್ಥ್ಯ ಸುಮಾರು 105 ಟಿಎಂಸಿ. ಅಂದರೆ ಹನ್ನೆರಡು ದಿನ ಒಂದು ಲಕ್ಷದಂತೆ ಹರಿದರೆ ಒಂದು ಇಡೀ ಕೊಯ್ನಾ ಇವರ ಮನೆ ಮುಂದೆ ದಾಟಿ ಹೋದ ಹಾಗೆ. ನಾವು ಕಾಗದದ ಮೇಲೆ ಇದನ್ನು ಮಾಡಿ ತೋರಿಸಿದೆವು. ಕಾಕಾ ಮರ್ಯಾದೆಗೆ ಹೂಂ ಅಂದರು. ಅವರಿಗೆ ಗೊತ್ತಿದ್ದದ್ದು ಬೇರೆ ಲೆಕ್ಕ: ಎಷ್ಟು ಲಕ್ಷಕ್ಕೆ ಯಾರ ಕಬ್ಬು ಮುಳುಗುತ್ತದೆ, ಎಷ್ಟಕ್ಕೆ ಯಾವ ರಸ್ತೆ ಬಂದ್, ಎಷ್ಟಕ್ಕೆ ಎಮ್ಮೆಗಳನ್ನು ಬಿಚ್ಚಿ ಹೊರಡಬೇಕು. ಕೊಯ್ನಾದ ಅಂಕಿ ಓದಿದ ಮೇಲೆ ನೀರು ಇಲ್ಲಿ ಬಂದು ಮುಟ್ಟಲು ಎಷ್ಟು ತಾಸು ಸಿಗುತ್ತದೆ ಅನ್ನುವುದೂ ಅವರ ಬಾಯಲ್ಲೇ ಇದೆ. ನಾವು ಫ್ಲಡ್ ರೌಟಿಂಗ್ ಅಂತ ಹದಿನಾರು ಮಾರ್ಕಿಗೆ ಬರೆಯುವುದನ್ನು ಇವರು ಎಮ್ಮೆಯ ಹಗ್ಗ ಕೈಯಲ್ಲಿ ಹಿಡಿದು ಮಾಡುತ್ತಾರೆ. 2019ರ ಆಗಸ್ಟ್‌ನಲ್ಲಿ ಈ ಸೀಮೆ ಮುಳುಗಿತು, 2021ರಲ್ಲಿ ಮತ್ತೆ. ಆಮೇಲಿಂದ ಅಕ್ಷರ ಬಾರದ ಮುದುಕಿಯರೂ ಮೊಮ್ಮಕ್ಕಳ ಕೈಲಿ ಈ ಅಂಕಿ ಓದಿಸಿಕೊಳ್ಳುತ್ತಾರಂತೆ.

ಇನ್ನೊಂದು ಮಜಾ ಇದೆ. ಸಾಂಗಲಿ, ಕೊಲ್ಹಾಪುರದವರು ಮಳೆಗಾಲದಲ್ಲಿ ಕಣ್ಣಿಟ್ಟು ಓದುವುದು ನಮ್ಮ ಆಲಮಟ್ಟಿಯ ನೀರಿನ ಮಟ್ಟವನ್ನು. ಇವರು ಓದುವುದು ಅವರ ಕೊಯ್ನಾವನ್ನು. ಎರಡೂ ಕಡೆಯವರಿಗೆ ಆಚೆ ರಾಜ್ಯದ ಅಣೆಕಟ್ಟೇ ಮುಖ್ಯ ಪಠ್ಯ.

ಇದನ್ನು ‘ಓದು’ ಅನ್ನಬಹುದಾ ಅಂತ ರಾತ್ರಿ ನಮ್ಮೊಳಗೇ ವಾದವಾಯಿತು. ನಮ್ಮ ಅಭಿಪ್ರಾಯ: ಖಂಡಿತ ಅನ್ನಬಹುದು. ಬರೆದದ್ದರ ಹಿಂದೆ ಬರೆಯದೇ ಇದ್ದದ್ದನ್ನು ಕಾಣುವುದೇ ಓದು ಅನ್ನುವುದಾದರೆ, ಆ ಸಂದೇಶದ ನಾಲ್ಕು ಸಾಲಿಗೆ ಕಾಕಾ ಕೊಡುವ ಅರ್ಥ ನಾವು ಯಾವ ಕವಿತೆಗೂ ಕೊಟ್ಟಿಲ್ಲ.

ಬೆಳಿಗ್ಗೆ ಪೇಪರ್. ಕಾಕಾ ಎರಡು ಲಿಪಿ ಓದುತ್ತಾರೆ. ಮೊದಲು ಮರಾಠಿಯ ‘ಪುಢಾರಿ’, ಕಬ್ಬಿನ ಸುದ್ದಿ ಇದ್ದರೆ ‘ಅಗ್ರೋವನ್’. ಆಮೇಲೆ ಕನ್ನಡ ಪೇಪರ್. ಯಾಕೆ ಈ ಕ್ರಮ? ಅರಿಷಿಣ ಸಾಂಗಲಿ ಪ್ಯಾಟಿಗೆ ಹೋಗುತ್ತದೆ, ರೇಟು ಆ ಪೇಪರಿನಲ್ಲಿ ಬರುತ್ತದೆ. ಸರಕಾರದ ಆದೇಶ, ಪಹಣಿ, ಸಬ್ಸಿಡಿ ಬೆಂಗಳೂರಿನಿಂದ ಬರುತ್ತವೆ, ಅದು ಈ ಪೇಪರಿನಲ್ಲಿ. ಭಾಷಾಭಿಮಾನದ ಭಾಷಣಕ್ಕೆ ಈ ಅಡುಗೆಮನೆ ಲೆಕ್ಕ ಹಿಡಿಸಲಿಕ್ಕಿಲ್ಲ, ಆದರೆ ಗಡಿಯಲ್ಲಿ ಓದು ನಡೆಯುವುದೇ ಹೀಗೆ. 1956ಕ್ಕೆ ಮೊದಲು ಇದೆಲ್ಲ ಮುಂಬೈ ಕಡೆಯ ಸೀಮೆ. ಮನೆಯಲ್ಲಿ ಕನ್ನಡ ಆಡುತ್ತ ಮರಾಠಿ ಸಾಲೆಗೆ ಹೋದ ಅಜ್ಜಂದಿರು ಇಲ್ಲಿ ಹೊಸ ಮಾತಲ್ಲ.

ಒಂದು ತಪ್ಪನ್ನೂ ಒಪ್ಪಿಕೊಳ್ಳಬೇಕು. ಮೊದಲ ದಿನದ ನಮ್ಮ ಟಿಪ್ಪಣಿಯಲ್ಲಿ ಎರಡು ಕಡೆ ‘ಮೃತ್ಯುಂಜಯ’ ಅಂತ ಇತ್ತು. ಆಹಾ, ಒಂದೇ ಪುಸ್ತಕವನ್ನು ಇಬ್ಬರು ಓದುತ್ತಿದ್ದಾರೆ, ಇಬ್ಬರನ್ನೂ ಕೂರಿಸಿ ಮಾತಾಡಿಸೋಣ ಅಂತ ಹೊರಟೆವು. ಒಬ್ಬರು ಕಾಕಾನ ಗೆಳೆಯ, ಇನ್ನೊಬ್ಬರು ನಿವೃತ್ತ ಮಾಸ್ತರು. ಕೂರಿಸಿದ ಮೇಲೆ ಒಬ್ಬರು ಕರ್ಣನ ಕವಚ ಕುಂಡಲದ ಬಗ್ಗೆ ಹೇಳಿದರೆ ಇನ್ನೊಬ್ಬರು ನೈಲ್ ನದಿಯ ಬಗ್ಗೆ ಹೇಳುತ್ತಾರೆ! ಒಂದು, ಕೊಲ್ಹಾಪುರ ಜಿಲ್ಲೆಯ ಆಜರಾದ ಶಿವಾಜಿ ಸಾವಂತರು 1967ರಲ್ಲಿ ಮರಾಠಿಯಲ್ಲಿ ಬರೆದ, ಕರ್ಣನ ಕಾದಂಬರಿ. ಇನ್ನೊಂದು, ನಮ್ಮ ನಿರಂಜನರು ಪುರಾತನ ಈಜಿಪ್ಟಿನ ರೈತಾಪಿ ಜನ ಎದ್ದು ನಿಂತದ್ದರ ಬಗ್ಗೆ ಕನ್ನಡದಲ್ಲಿ ಬರೆದದ್ದು. ಹೆಸರು ಒಂದೇ.

ಆದರೆ ತಪ್ಪಿನಿಂದ ಒಳ್ಳೆಯದೇ ಆಯಿತು. ಕರ್ಣನನ್ನು ಓದುತ್ತಿದ್ದವರಿಗೆ ಯಾಕೆ ಇಷ್ಟ ಅಂದರೆ, ಅಲ್ಲಿ ಕರ್ಣ ಒಬ್ಬನೇ ಮಾತಾಡುವುದಿಲ್ಲ. ಕುಂತಿ, ದುರ್ಯೋಧನ, ಅವನ ಹೆಂಡತಿ ವೃಷಾಲಿ, ತಮ್ಮ ಶೋಣ, ಕೃಷ್ಣ ಎಲ್ಲರೂ ತಮ್ಮ ತಮ್ಮ ಬಾಯಿಂದ ಹೇಳುತ್ತಾರೆ. “ಜಗಳಾ ಬಗಿಹರಸೂ ಮುಂದ ಪಂಚರು ಹಿಂಗ ಎಲ್ಲಾರ್ದೂ ಕೇಳತಾರಲ್ಲ, ಹಂಗ” ಅಂದರು. ಭೈರಪ್ಪನವರ ‘ಪರ್ವ’ವನ್ನು ಓದಿದವರು ನಮ್ಮಲ್ಲೂ ಇದ್ದಾರೆ, ಅಲ್ಲೂ ಮಹಾಭಾರತ ಒಬ್ಬೊಬ್ಬರ ತಲೆಯೊಳಗಿಂದ ಬರುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದರೆ ಒಂದು ಸೆಮಿಸ್ಟರ್ ಚರ್ಚೆಗೆ ಸಾಕು. ಮಾಸ್ತರರ ಕಾರಣ ಇನ್ನೂ ಚಿಕ್ಕದು: “ಅದೂ ಹೊಳಿ ದಂಡಿ ರೈತರ ಕತಿ, ಇದೂ ಹೊಳಿ ದಂಡಿ.” ನೈಲ್‌ಗೂ ಕೃಷ್ಣೆಗೂ ಮಾಸ್ತರರು ಹಾಕಿದ ಈ ಸೇತುವೆಗೆ ಯಾವ ಡಿಸೈನ್ ಕೋಡೂ ಬೇಕಾಗಲಿಲ್ಲ.

ಮನೆಯ ವೈನಿ ಡಿ.ಎಡ್. ಮುಗಿಸಿ ಮದುವೆಯಾಗಿ ಬಂದವರು. ಓದುತ್ತಿದ್ದದ್ದು ಬಾನು ಮುಷ್ತಾಕರ ಕತೆಗಳು. 2025ರ ಮೇ ತಿಂಗಳಲ್ಲಿ, ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ಹನ್ನೆರಡು ಕತೆಗಳ ಸಂಕಲನಕ್ಕೆ ಇಂಟರ್‌ನ್ಯಾಷನಲ್ ಬೂಕರ್ ಬಂತಲ್ಲ, ಆವಾಗ ಪೇಪರಿನಲ್ಲಿ ಫೋಟೋ ನೋಡಿ ಅಣ್ಣನ ಕೈಲಿ ಕನ್ನಡ ಪುಸ್ತಕ ತರಿಸಿಕೊಂಡರಂತೆ. ಪ್ರಶಸ್ತಿ ಬಂದದ್ದಕ್ಕೆ ಪುಸ್ತಕ ಕೊಂಡವರು ಬಹಳ ಜನ. ಕೊಂಡದ್ದನ್ನು ಓದಿದವರು ಕಡಿಮೆ ಅಂತ ನಮ್ಮ ಅನುಮಾನ. ವೈನಿ ಓದಿದ್ದಾರೆ. ಯಾಕೆ ಹಿಡಿಸಿತು? ಮೊದಲ ಕಾರಣ, ಕತೆ ಸಣ್ಣದು. ಮಧ್ಯಾಹ್ನ ಎಲ್ಲರದ್ದೂ ಊಟ ಮುಗಿದು, ಆಯಿ ಮಲಗಿ, ಹಾಲಿನವನು ಬರುವ ಮುಂಚೆ ಒಂದು ಮುಗಿಯುತ್ತದೆ. ಎರಡನೇ ಕಾರಣವನ್ನು ಸ್ವಲ್ಪ ತಡೆದು ಹೇಳಿದರು: “ಹೆಸರ ಬ್ಯಾರೆ ಅದಾವು, ಅಡಗಿಮನಿ ಅದ ಐತಿ.” ಇಷ್ಟು ಹೇಳಿ ಒಳಗೆ ಹೋದರು. ನಾವು ಮುಂದೆ ಕೇಳಲಿಲ್ಲ.

ಗ್ರಂಥಾಲಯಕ್ಕೂ ಹೋಗಿದ್ದೆವು, ದಾರಿಯ ಮೇಲಿನ ಒಂದು ಊರಿನಲ್ಲಿ. ಹಳ್ಳಿಯ ಗ್ರಂಥಾಲಯಗಳು 2019ರಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದಿವೆ, ಬೋರ್ಡಿನ ಮೇಲೆ ‘ಅರಿವು ಕೇಂದ್ರ’ ಅಂತಲೂ ಇರುತ್ತದೆ. ಒಳಗೆ ನಮ್ಮ ವಯಸ್ಸಿನ ಹುಡುಗರು, ಎಲ್ಲರ ಮುಂದೆಯೂ ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕ: ಪಿಡಿಒ, ಪಿಎಸ್ಐ, ಎಫ್‌ಡಿಎ. ಕಾದಂಬರಿಯ ಕಪಾಟಿನ ಕೀಲಿ ಹುಡುಕಲು ಸ್ವಲ್ಪ ಹೊತ್ತು ಹಿಡಿಯಿತು. ಇದರ ಬಗ್ಗೆ ಮೂಗು ಮುರಿಯುವುದು ಸುಲಭ, ಕ್ಯಾಂಪಸ್ ಪ್ಲೇಸ್‌ಮೆಂಟ್ ಇದ್ದವರಿಗೆ ಇನ್ನೂ ಸುಲಭ. ಒಬ್ಬ ಹುಡುಗನನ್ನು ಕೇಳಿದೆವು, ಇದರಾಗ ಖುಷಿ ಏನೈತಿ? “ಹೋದ ವರ್ಷ ಓದಿದ್ದು ಈ ವರ್ಷ ಪೇಪರದಾಗ ಬಂತಂದ್ರ ಅದ ಖುಷಿ” ಅಂದ. ಭಾರತದ ಗ್ರಂಥಾಲಯ ಶಾಸ್ತ್ರದ ಪಿತಾಮಹ ಎಸ್.ಆರ್. ರಂಗನಾಥನ್ ಮೂಲತಃ ಗಣಿತದ ಮೇಷ್ಟ್ರು; ಗ್ರಂಥಾಲಯಕ್ಕೆ ಐದು ಸೂತ್ರ ಕೊಟ್ಟದ್ದು 1931ರಲ್ಲಿ. ಅದರಲ್ಲಿ ಒಂದರ ಪ್ರಕಾರ ಪ್ರತಿ ಓದುಗನಿಗೂ ಅವನಿಗೆ ತಕ್ಕ ಪುಸ್ತಕ ಸಿಗಬೇಕು, ಇನ್ನೊಂದರ ಪ್ರಕಾರ ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು. ಮೊದಲನೆಯದು ಇಲ್ಲಿ ನಡೆದಿದೆ. ಎರಡನೆಯದು ಕೀಲಿ ಹಾಕಿದ ಕಪಾಟಿನಲ್ಲಿದೆ.

ಸಂಜೆ ಆಯಿಯ ಸರದಿ. ಗೆಳೆಯನ ಅಜ್ಜಿಗೆ ಅವರ ಮನೆಯಲ್ಲಿ ಆಯಿ ಅಂತಾರೆ. ಈ ಭಾಗದಲ್ಲಿ ಜೈನ ರೈತರ ಮನೆಗಳು ಬಹಳ, ಇವರದ್ದೂ ಅದೇ. ಚಾತುರ್ಮಾಸ ನಡೆದಿತ್ತು. ಆಯಿ ಓದಲು ಬಾರದವರು. ಆದರೆ ‘ಏನ ಓದಾಕತ್ತೀರಿ ಆಯಿ’ ಅಂದರೆ ತಡ ಮಾಡದೆ “ಭರತೇಶ ವೈಭವ” ಅಂದರು. ಮೂಡುಬಿದಿರೆಯ ರತ್ನಾಕರವರ್ಣಿ 16ನೇ ಶತಮಾನದಲ್ಲಿ ಸಾಂಗತ್ಯದಲ್ಲಿ ಬರೆದ ಕಾವ್ಯ, ಹತ್ತು ಸಾವಿರದ ಹತ್ತಿರ ಪದ್ಯಗಳು. ನಾವು ಪಿಯುಸಿಯಲ್ಲಿ ಅದರ ಹೆಸರನ್ನು ‘ಕವಿ-ಕೃತಿ’ ಹೊಂದಿಸಿ ಬರೆಯುವ ಪ್ರಶ್ನೆಯಲ್ಲಿ ನೋಡಿದ್ದೆವು, ಅಷ್ಟೇ. ಆಯಿ ಕೇಳಿ ಓದುವವರು. ಒಬ್ಬರು ರಾಗವಾಗಿ ಹೇಳುತ್ತಾರೆ, ಇನ್ನೊಬ್ಬರು ಅರ್ಥ ಬಿಡಿಸುತ್ತಾರೆ, ಉಳಿದವರು ಕೂತು ಕೇಳುತ್ತಾರೆ. ಲಿಂಗಾಯತರ ಮಠಗಳಲ್ಲಿ ಶ್ರಾವಣದಾಗ ಪುರಾಣ ಹಚ್ಚುವುದೂ ಇದೇ ರೀತಿ. ಸಾಂಗತ್ಯ ಹಾಡಿಗೆ ಒಗ್ಗುವ ಛಂದಸ್ಸು; ಕಣ್ಣಿಗಿಂತ ಕಿವಿಗೇ ಮಾಡಿದ್ದು.

ಯಾಕ ಸೇರತೈತಿ ಆಯಿ? ಅವರು ಧರ್ಮದ ಮಾತು ಹೇಳುತ್ತಾರೆ ಅಂದುಕೊಂಡಿದ್ದೆವು. ಆಯಿ ಹೇಳಿದ್ದು ಊಟದ ವಿಷಯ. ಭರತ ಚಕ್ರವರ್ತಿ ಉಣ್ಣಲು ಕೂರುವ ರೀತಿ, ರಾಣಿಯರ ಜೊತೆ ಆಡುವ ಮಾತು, ಹಾಡು ಕೇಳುವುದು. “ಅಷ್ಟ ದೊಡ್ಡ ರಾಜಾ, ಮನ್ಯಾಗ ಹೆಂಗ ಇರತಾನ ನೋಡು” ಅಂದರು. ಕಾವ್ಯದ ಮೊದಲ ಭಾಗಕ್ಕೆ ‘ಭೋಗವಿಜಯ’ ಅಂತಲೇ ಹೆಸರು. ಮನೆಯಲ್ಲಿದ್ದುಕೊಂಡೇ ಯೋಗಿಯೂ ಆಗಿರುವ ರಾಜನನ್ನು ರತ್ನಾಕರ ಮಾಡಿಟ್ಟ. ವಿಮರ್ಶಕರು ಭೋಗ-ಯೋಗ ಸಮನ್ವಯ ಅಂತ ಬರೆಯುತ್ತಾರೆ. ಆಯಿಯದ್ದು ಅದೇ ಮಾತು, ರೊಟ್ಟಿಯ ಜೊತೆ.

ಕಾವ್ಯದ ಮಾತು ಬಂದದ್ದಕ್ಕೆ ಸಿವಿಲ್‌ನವರಿಗೆ ಒಂದು ಉಪಕಥೆ. ಚಿಕ್ಕೋಡಿ ತಾಲೂಕಿನ ಸದಲಗಾದಲ್ಲಿ 1946ರಲ್ಲಿ ಹುಟ್ಟಿ, ಕನ್ನಡ ಸಾಲೆಯಲ್ಲಿ ಕಲಿತು, ಮುಂದೆ ಆಚಾರ್ಯ ವಿದ್ಯಾಸಾಗರರಾದವರು ‘ಮೂಕಮಾಟಿ’ ಅಂತ ಹಿಂದಿಯಲ್ಲಿ ಒಂದು ಮಹಾಕಾವ್ಯ ಬರೆದಿದ್ದಾರೆ. ಅದರ ನಾಯಕಿ ಮಣ್ಣು. ಕುಂಬಾರ ಮಣ್ಣು ಅಗೆದು ತರುತ್ತಾನೆ, ಹರಳು ಬೇರೆ ಮಾಡುತ್ತಾನೆ, ನೀರು ಕೂಡಿಸಿ ತುಳಿಯುತ್ತಾನೆ, ತಿಗರಿಯ ಮೇಲೆ ಏರಿಸುತ್ತಾನೆ, ಆವಿಗೆಯಲ್ಲಿ ಸುಡುತ್ತಾನೆ. ಸಾಯಿಲ್ ಮೆಕ್ಯಾನಿಕ್ಸ್ ಲ್ಯಾಬಿನಲ್ಲಿ ಜರಡಿ ಹಿಡಿದು, ಪ್ಲಾಸ್ಟಿಕ್ ಲಿಮಿಟ್ ನೋಡಲು ಮಣ್ಣನ್ನು ಮೂರು ಮಿಲಿಮೀಟರ್ ದಾರದಂತೆ ಹೊಸೆಯುವಾಗ ಇದನ್ನು ನೆನೆಸಿಕೊಳ್ಳಿ, ಬೇಜಾರು ಕಡಿಮೆಯಾಗುತ್ತದೆ.

ಇನ್ನು ನಾವು ನಿಜವಾಗಿ ಹೇಳಬೇಕೆಂದಿದ್ದ ಪುಸ್ತಕ.

ಅದೇ ಕಾಗವಾಡ ತಾಲೂಕಿನಲ್ಲಿ ಶೇಡಬಾಳ ಅಂತ ಊರಿದೆ. ಮಿರ್ಜಿ ಅಣ್ಣಾರಾಯರು 1918ರಲ್ಲಿ ಅಲ್ಲಿ ಹುಟ್ಟಿದರು. ಮಾಸ್ತರಿಕೆ ಮಾಡುತ್ತ ಕಾದಂಬರಿ ಬರೆದರು, 1975ರಲ್ಲಿ ತೀರಿಕೊಂಡರು. ಅವರ ‘ನಿಸರ್ಗ’ ಬಂದದ್ದು 1945ರಲ್ಲಿ; ಈ ಗಡಿನಾಡಿನ ಜೈನ ಒಕ್ಕಲುಮನೆಗಳ ಬದುಕು, ಅವರದ್ದೇ ಆಡುಮಾತಿನಲ್ಲಿ. ಕನ್ನಡದ ಮೊದಮೊದಲ ಪ್ರಾದೇಶಿಕ ಕಾದಂಬರಿಗಳಲ್ಲಿ ಒಂದು. ಕೃಷ್ಣೆಯದ್ದೇ ದಂಡೆಯ ಇನ್ನೊಂದು ಹಳ್ಳಿಯ ಕತೆ ಹೇಳುವ ರಾವಬಹಾದ್ದೂರರ ‘ಗ್ರಾಮಾಯಣ’ ಬರಲು ಇನ್ನೂ ಹನ್ನೆರಡು ವರ್ಷವಿತ್ತು. ಘೋಡಗೇರಿಯ ಚಂದ್ರಶೇಖರ ಕಂಬಾರರಿಗೆ ಆಗ ಎಂಟು ವರ್ಷ. ದೇವನೂರರ ‘ಕುಸುಮಬಾಲೆ’ಯನ್ನು, ಆ ಕಡೆಯ ಆಡುನುಡಿಯನ್ನು, ನಾವು ಎದ್ದು ಬಿದ್ದು ಓದಿ ಹೆಮ್ಮೆಪಡುತ್ತೇವೆ, ಅದಕ್ಕೂ ಸುಮಾರು ನಲವತ್ತು ವರ್ಷ ಮೊದಲು ಒಬ್ಬ ಮಾಸ್ತರು ತನ್ನ ಊರಿನ ಮಾತನ್ನು ಅಚ್ಚಿಗೆ ಕೊಟ್ಟಿದ್ದು ನಮ್ಮ ಸಂಘದ ಒಬ್ಬರಿಗೂ ಗೊತ್ತಿರಲಿಲ್ಲ.

ನಮ್ಮ ಗೆಳೆಯನಿಗೂ ಗೊತ್ತಿರಲಿಲ್ಲ! ಪಕ್ಕದ ಊರಿನ ಕಾದಂಬರಿಕಾರನ ಹೆಸರು ಅವನು ಕೇಳಿದ್ದ, ಓದಿರಲಿಲ್ಲ. ಗ್ರಂಥಾಲಯದಲ್ಲಿ ‘ನಿಸರ್ಗ’ ಸಿಗಲಿಲ್ಲ. ಸಿಕ್ಕಿದ್ದು ನಿವೃತ್ತ ಮಾಸ್ತರರ ಮನೆಯಲ್ಲಿ, ಹಳೆಯ ಪ್ರತಿ. 2019ರಲ್ಲಿ ನೀರು ಬಂದಾಗ ಅವರು ಕಾಗದಪತ್ರ, ಬೀಜ, ಕಾಳು ಎಲ್ಲ ಅಟ್ಟಕ್ಕೆ ಏರಿಸಿದರು. ಪುಸ್ತಕದ ಕಪಾಟಿನ ಕೆಳಗಿನ ಎರಡು ಸಾಲು ಉಳಿದುಬಿಟ್ಟವು. ನೀರು ಇಳಿದ ಮೇಲೆ ಬಂದು ನೋಡಿದರೆ ಪುಸ್ತಕಗಳು ಇಟ್ಟಿಗೆಯಂತೆ ಉಬ್ಬಿದ್ದವು. ಬಹಳಷ್ಟನ್ನು ಎಸೆದರು. ಕೆಲವನ್ನು ಅವರ ಮನೆಯವರು ಮಾಳಿಗೆಯ ಮೇಲೆ ಹಾಳೆ ಹಾಳೆ ಬಿಡಿಸಿ ಒಣಗಿಸಿದರು. ಅದರಲ್ಲಿ ಇದೊಂದು. ಕೈಯಲ್ಲಿ ಹಿಡಿದರೆ ದಪ್ಪಗೆ, ಅಲೆಅಲೆಯಾಗಿ. ಪುಟ ತಿರುವಿದರೆ ಈಗಲೂ ಸಣ್ಣಗೆ ಹೊಳಿಯ ಮಣ್ಣು ಉದುರುತ್ತದೆ. “ಒಯ್ರಿ, ಓದಿ ತಂದ ಕೊಡ್ರಿ” ಅಂದರು ಮಾಸ್ತರು. ‘ತಂದ ಕೊಡ್ರಿ’ಯನ್ನು ಎರಡು ಸಲ ಅಂದರು.

ಓದಲು ಕೂತಾಗ ತೊಂದರೆ ನಮ್ಮದಾಯಿತು. ನಾವು ಮೂವರೂ ತುಮಕೂರು, ಹಾಸನದ ಕಡೆಯವರು. ಒಂದು ಪುಟಕ್ಕೆ ಹತ್ತು ಸಲ ಗೆಳೆಯನ ಮುಖ ನೋಡಬೇಕಾಯಿತು. ಹಾಗಾಗಿ ಈ ಸೀಮೆಯ ಮಾತನ್ನು ಓದಲು ಹೊರಡುವವರಿಗೆ ಸ್ವಲ್ಪ ಪಾಠ ಇಲ್ಲಿ ಹಾಕುತ್ತೇವೆ. ಉದಾಹರಣೆಗಳು ಕಾದಂಬರಿಯವಲ್ಲ, ಗೆಳೆಯನ ಮನೆಯವು.

ಪದದ ಕೊನೆಯ ಎ-ಕಾರ ಇಲ್ಲಿ ಇ-ಕಾರವಾಗುತ್ತದೆ. ಮನೆ, ಮಳೆ, ಹೊಳೆ ಅನ್ನುವವು ಮನಿ, ಮಳಿ, ಹೊಳಿ. ಇದೊಂದು ಗೊತ್ತಾದರೆ ಅರ್ಧ ಪುಟ ತಿಳಿಯಾಗುತ್ತದೆ. ‘ಅಲ್ಲಿ’ ಇರಬೇಕಾದ ಜಾಗಕ್ಕೆ ‘ಆಗ’ ಬರುತ್ತದೆ: ಊರ ಒಳಗೆ ಅನ್ನಲು ಊರಾಗ, ಹೊಲದಲ್ಲಿ ಅನ್ನಲು ಹೊಲದಾಗ. ಇದನ್ನು ಕಾಲ ಹೇಳುವ ‘ಆಗ’ ಅಂತ ಓದಿದರೆ ಕತೆ ಕೆಡುತ್ತದೆ. ನಮ್ಮಲ್ಲೊಬ್ಬ ಮೊದಲ ದಿನವಿಡೀ ಹಾಗೇ ಓದಿದ.

ಮುಖ್ಯವಾದದ್ದು ಕ್ರಿಯಾಪದ, ಅಂದು ಕ್ಲಾಸು ನಕ್ಕಿದ್ದು ಇದಕ್ಕೇ. ‘ಮಾಡಾಕತ್ತೇವಿ’ ಅನ್ನುವುದನ್ನು ಬಿಡಿಸಿದರೆ ‘ಮಾಡಾಕ’ ಮತ್ತು ‘ಹತ್ತೇವಿ’. ‘ಮಾಡಾಕ’ ಅಂದರೆ ಮಾಡಲಿಕ್ಕೆ. ‘ಹತ್ತು’ ಇಲ್ಲಿ ಮರ ಹತ್ತುವುದಲ್ಲ, ತೊಡಗು, ಹಿಡಿದುಕೊಳ್ಳು. ‘ಬೆಂಕಿ ಹತ್ತಿತು’ ಅಂತ ಬೆಂಗಳೂರಿನಲ್ಲೂ ಅನ್ನುತ್ತಾರಲ್ಲ, ಅದೇ ಹತ್ತು. ಅಂದರೆ ಕೆಲಸ ಹತ್ತಿಕೊಂಡಿದೆ, ಇನ್ನೂ ಉರಿಯುತ್ತಿದೆ. ನಮ್ಮ ‘ಮಾಡುತ್ತಿದ್ದೇವೆ’ಯಲ್ಲಿ ಈ ಬಿಸಿ ಇಲ್ಲ. ಮರಾಠಿಯಲ್ಲೂ ಇಂಥದ್ದೇ ಕಟ್ಟಡವಿದೆ: ‘ವಾಚಾಯ್‌ಲಾ ಲಾಗ್ಲಾ’ ಅಂದರೆ ಓದಲು ಹತ್ತಿದ. ಶತಮಾನಗಟ್ಟಲೆ ಒಂದೇ ಹೊಳಿಯ ನೀರು ಕುಡಿದ ಎರಡು ಭಾಷೆಗಳು ಒಂದೇ ಅಚ್ಚಿನಲ್ಲಿ ವಾಕ್ಯ ಎರಕ ಹೊಯ್ದರೆ ಅದರಲ್ಲಿ ನಗಲು ಏನಿದೆ?

ಪದಗಳೂ ಹಾಗೇ. ನ್ಯಾರಿ ಅಂದರೆ ಬೆಳಗಿನ ತಿಂಡಿ, ಪಾವಣೇರು ಅಂದರೆ ಬೀಗರು-ನೆಂಟರು, ಬರೊಬ್ಬರಿ ಅಂದರೆ ಸರಿ. ಇವು ಆ ದಂಡೆಯಿಂದ ಬಂದವು. ಇಲ್ಲಿಂದ ಅಲ್ಲಿಗೂ ಹೋಗಿವೆ: ಮರಾಠಿಯ ತೂಪ ನಮ್ಮ ತುಪ್ಪ, ಅವರ ಅಡಕಿತ್ತಾ ನಮ್ಮ ಅಡಕೆ ಕತ್ತರಿಯ ಮನೆಯದು. ಖಿದ್ರಾಪುರದ ಕೊಪ್ಪೇಶ್ವರ ದೇವಾಲಯದಲ್ಲಿ ಕನ್ನಡ ಶಾಸನಗಳಿವೆ. ಅದನ್ನು ನೋಡಲೂ ಹೋಗಿದ್ದೆವು. ಆ ಊರಿನ ಹುಡುಗರಿಗೆ ಕನ್ನಡ ಓದಲು ಬರುವುದಿಲ್ಲ, ಅದಕ್ಕೆ ಕಲ್ಲು ಅವರಿಗೆ ಮೂಕ. ನಮಗೆ ಕನ್ನಡ ಬರುತ್ತದೆ, ಹಳಗನ್ನಡದ ಲಿಪಿ ಬರುವುದಿಲ್ಲ, ಅದಕ್ಕೆ ನಮಗೂ ಮೂಕ. ಗೈಡ್ ತರಹ ಎದೆ ಉಬ್ಬಿಸಿ ಹೋದವರು ಎರಡು ಅಕ್ಷರ ಗುರುತಿಸಿ ವಾಪಸಾದೆವು.

ರಾತ್ರಿ ತೋಟದ ಮನೆಯಲ್ಲಿ ಗೆಳೆಯ ಗಟ್ಟಿಯಾಗಿ ಓದಿದ. ನಾವು ಕಣ್ಣಲ್ಲಿ ಓದುವಾಗ ತೊಡಕಾದ ಸಾಲುಗಳು ಅವನ ಬಾಯಲ್ಲಿ ನೀರಿನಂತೆ ಹರಿದವು. ಎರಡು ಮೂರು ಪುಟವಾದ ಮೇಲೆ ಆಯಿ ಬಾಗಿಲ ಹತ್ತಿರ ಬಂದು ಕೂತರು. ವೈನಿ ಬಂದರು. ಒಂದು ಕಡೆ ಮಾತುಕತೆ ಬಂದಾಗ ಆಯಿ ಫಕ್ಕನೆ ನಕ್ಕು “ನಮ್ಮ ಅತ್ತಿನೂ ಹಿಂಗ ಅಂತಿದ್ಲು” ಅಂದರು. ಗೆಳೆಯ ಓದು ನಿಲ್ಲಿಸಿದ. ಆಮೇಲೆ ನಮ್ಮ ಕಡೆ ನೋಡಿ, “ಇದು ಪ್ರಿಂಟ್ ಆಗೇತಿ, 1945ರಾಗ” ಅಂದ. ಅಷ್ಟೇ ಅಂದ. ನಮಗೆ ಆ ಸೆಮಿನಾರ್ ಹಾಲು ನೆನಪಾಯಿತು, ಅವನಿಗೂ ಆಗಿರಬೇಕು. ಕ್ಷಮೆ ಕೇಳುವುದಾ ಬೇಡವಾ ಅಂತ ನಾವು ಒಬ್ಬರ ಮುಖ ಒಬ್ಬರು ನೋಡುತ್ತಿದ್ದಾಗ ಅವನು ಮುಂದಿನ ಪುಟ ಓದಲು ಹತ್ತಿದ್ದ. ಮರುದಿನ ಬೆಳಿಗ್ಗೆ ಕೇಳಿದೆವು. “ಇರಲಿ ಬಿಡ್ರಿ, ನ್ಯಾರಿ ಮಾಡ್ರಿ” ಅಂದ.

ಕೆಲವು ಗೆಳೆಯರು ಕೇಳಬಹುದು: ಎಂಬತ್ತು ವರ್ಷ ಹಳೆಯ ಕಾದಂಬರಿಯನ್ನು ‘ಈಗ ಓದುತ್ತಿರುವ ಪುಸ್ತಕ’ ಅಂತ ಹೇಗೆ ಹಾಕುತ್ತೀರಿ? ನಾವು ಈಗ ಓದುತ್ತಿದ್ದೇವೆ, ಅದಕ್ಕೆ. ಇದು ಮಹಾನ್ ಕೃತಿ, ಎಲ್ಲರೂ ತಲೆಬಾಗಬೇಕು ಅಂತೇನೂ ನಮ್ಮ ವಾದವಲ್ಲ. ಆ ಕಾಲದ ಕಾದಂಬರಿಗಳಿಗೆ ಇರುವ ನಿಧಾನ ಇದಕ್ಕೂ ಇದೆ, ರೀಲ್ಸ್ ನೋಡಿ ಹಾಳಾದ ನಮ್ಮ ಕಣ್ಣು ನಡುನಡುವೆ ತೂಕಡಿಸುತ್ತದೆ. ಆದರೆ ಗಟ್ಟಿಯಾಗಿ ಓದಿದರೆ ತೂಕಡಿಕೆ ಬರುವುದಿಲ್ಲ. ಜುಗೂಳದಲ್ಲಿ ನಾವು ನೋಡಿದ ಓದಿನಲ್ಲಿ ಬಹುಪಾಲು ಒಬ್ಬರು ಓದಿ ನಾಲ್ಕು ಜನ ಕೇಳುವ ಓದು. ಕೊಯ್ನಾದ ಅಂಕಿಯೂ ಹಾಗೆ, ಪೇಪರೂ ಹಾಗೆ, ಭರತೇಶನೂ ಹಾಗೆ. ನಡುನಡುವೆ ಯಾರೋ ಬಾಯಿ ಹಾಕುತ್ತಾರೆ, ಯಾರೋ ತಿದ್ದುತ್ತಾರೆ, ಜಗಳವೂ ಆಗುತ್ತದೆ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಒಬ್ಬರೇ ಆಡಿಯೋಬುಕ್ ಕೇಳುವುದಕ್ಕೂ ಇದಕ್ಕೂ ಬಹಳ ಫರಕು.

ವಾಪಸು ಬಂದ ಮೇಲೆ ಪ್ರತಿ ಬುಧವಾರ ಲ್ಯಾಬ್ ಮುಗಿದ ಮೇಲೆ ಹಾಸ್ಟೆಲ್ಲಿನ ಟೆರೇಸಿನ ಮೇಲೆ ‘ನಿಸರ್ಗ’ ಗಟ್ಟಿಯಾಗಿ ಓದುತ್ತಿದ್ದೇವೆ. ಓದುವವನು ಅವನೇ. ಬಾಗಲಕೋಟೆ, ವಿಜಯಪುರದ ಹುಡುಗರು ತಾವಾಗಿಯೇ ಬಂದು ಸೇರಿಕೊಂಡಿದ್ದಾರೆ, ಇಷ್ಟು ದಿನ ಎಲ್ಲಿದ್ದರೋ. ಹೋದ ವಾರ ಮಂಗಳೂರಿನ ಹುಡುಗಿಯೊಬ್ಬಳು ‘ವಸ್ತಿ ಬಸ್’ ಅಂದರೇನು ಅಂತ ಕೇಳಿ (ರಾತ್ರಿ ಊರಲ್ಲೇ ತಂಗುವ ಬಸ್ಸು, ಬೆಳಿಗ್ಗೆ ಅದರಲ್ಲೇ ಕಾಲೇಜಿಗೆ ಹೋಗಬೇಕು) ಅರ್ಧ ತಾಸು ಓದು ನಿಂತು ಬಸ್ಸಿನ ಕತೆಗಳೇ ನಡೆದವು.

ಒಂದು ತೊಡಕಿದೆ. ಮಾಸ್ತರರ ಪ್ರತಿಯಲ್ಲಿ ನಡುವಿನ ಕೆಲವು ಹಾಳೆಗಳು ಒಂದಕ್ಕೊಂದು ಅಂಟಿಕೊಂಡುಬಿಟ್ಟಿವೆ. ಬಿಡಿಸಲು ಹೋದರೆ ಅಕ್ಷರ ಎದ್ದು ಬರುತ್ತದೆ, ಅದಕ್ಕೆ ಕೈ ಹಚ್ಚಿಲ್ಲ. ನಾವೀಗ ಆ ಹಾಳೆಗಳ ಹತ್ತಿರ ಬಂದಿದ್ದೇವೆ, ಇನ್ನು ಎರಡು ಬುಧವಾರಕ್ಕೆ ಮುಟ್ಟುತ್ತೇವೆ. ನಿಮ್ಮ ಮನೆಯಲ್ಲಿ, ನಿಮ್ಮ ಊರಿನ ಗ್ರಂಥಾಲಯದ ಕೀಲಿ ಹಾಕಿದ ಕಪಾಟಿನಲ್ಲಿ, ಅಜ್ಜನ ಟ್ರಂಕಿನಲ್ಲಿ ‘ನಿಸರ್ಗ’ದ ಇನ್ನೊಂದು ಪ್ರತಿ ಇದ್ದರೆ ದಯವಿಟ್ಟು ತಿಳಿಸಿ. ಆ ಪುಟಗಳ ಫೋಟೋ ಕಳಿಸಿದರೂ ಸಾಕು.